ಸಹಾಯ ಬೇಕು: ಎಕ್ಸ್‌ರೇ ಕೋಣೆಯ ಆಚೆಗಿನ ವಾರ್ಡಿಗೆ ವೈಫೈ ತಲುಪುತ್ತಿಲ್ಲ

ನಮ್ಮ ತಾಲ್ಲೂಕು ಕೇಂದ್ರದ ಸಣ್ಣ ಆಸ್ಪತ್ರೆಯಲ್ಲಿ ದಾದಿಯರು ರೋಗಿಯ ನಾಡಿ, ರಕ್ತದೊತ್ತಡ ಮತ್ತು ಕೊಟ್ಟ ಔಷಧಿಗಳ ವಿವರವನ್ನು ಹಾಸಿಗೆಯ ಬಳಿಯೇ ಟ್ಯಾಬ್‌ನಲ್ಲಿ ದಾಖಲಿಸುತ್ತಾರೆ. ಆದರೆ ಸೀಸದ ಹಾಳೆ ಹೊದಿಸಿದ ಎಕ್ಸ್‌ರೇ ಕೋಣೆಯ ಆಚೆಗಿರುವ ಹೆಂಗಸರ ವಾರ್ಡಿನಲ್ಲಿ ಸಿಗ್ನಲ್ ಸಿಗುವುದೇ ಕಷ್ಟ. ಕೊನೆಯ ಹಾಸಿಗೆಯ ಬಳಿ ಬರೆದದ್ದನ್ನು ಸೇವ್ ಮಾಡಲು ದಾದಿ ಟ್ಯಾಬ್ ಹಿಡಿದು ಕಾರಿಡಾರಿಗೆ ಬರಬೇಕಾಗುತ್ತದೆ. ಔಷಧಿ ಕೊಟ್ಟ ಸಮಯ ತಡವಾಗಿ ದಾಖಲಾಗುವುದು ಸಣ್ಣ ವಿಷಯವಲ್ಲ.

ಕಾರಿಡಾರಿನ ಆಕ್ಸೆಸ್ ಪಾಯಿಂಟಿನ (ವೈಫೈ ಸಿಗ್ನಲ್ ಹರಡುವ ಸಾಧನದ) ಪವರ್ ಹೆಚ್ಚಿಸಿದೆವು. ಟ್ಯಾಬ್‌ನಲ್ಲಿ ಕಡ್ಡಿಗಳೇನೋ ಹೆಚ್ಚಿದವು, ಆದರೆ ಟ್ಯಾಬ್ ಕಳಿಸುವ ಕ್ಷೀಣ ಸಿಗ್ನಲ್ ಹಿಂದಿರುಗಿ ತಲುಪದ ಕಾರಣ ದಾಖಲೆ ಉಳಿಯಲಿಲ್ಲ. ಸಿಗ್ನಲ್ ಹಿಡಿದು ಮತ್ತೆ ಹರಡುವ ರಿಪೀಟರ್ ಹಾಕಿದಾಗ ವೇಗ ಅರ್ಧಕ್ಕಿಳಿಯಿತು. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ಅಡ್ಡಬರದ 1, 6, 11ನೇ ಚಾನೆಲ್‌ಗಳನ್ನು ಹಂಚಿಯೂ ಆಗಿದೆ.

ಆದ್ದರಿಂದ ವಾರ್ಡಿನೊಳಗೇ ಕೇಬಲ್ ಎಳೆದು, 5 ಗಿಗಾಹರ್ಟ್ಸ್‌ನ ಪ್ರತ್ಯೇಕ ಆಕ್ಸೆಸ್ ಪಾಯಿಂಟ್ ಕೂರಿಸಲು ನಿರ್ಧರಿಸಿದ್ದೇವೆ. ಗೊಂದಲವಿರುವುದು ಇಲ್ಲಿ: ನೆಟ್‌ವರ್ಕಿನ ಹೆಸರು, ಪಾಸ್‌ವರ್ಡ್ ಒಂದೇ ಇದ್ದರೂ, ದಾದಿ ಒಳಗೆ ನಡೆದು ಬಂದಾಗ ಟ್ಯಾಬ್ ಹತ್ತಿರದ ಪಾಯಿಂಟಿಗೆ ಬದಲಾಗದೆ ಕಾರಿಡಾರಿನದಕ್ಕೇ ಅಂಟಿಕೊಳ್ಳಬಹುದು.

ಆಸ್ಪತ್ರೆಗಳಲ್ಲಿ ಇಂಥ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ: ಕಾರಿಡಾರಿನ ಪವರ್ ತಗ್ಗಿಸಿದರೆ ಸಾಕೇ, ಅಥವಾ 802.11ಆರ್ (ಒಂದು ಪಾಯಿಂಟಿನಿಂದ ಇನ್ನೊಂದಕ್ಕೆ ಬೇಗ ಬದಲಾಗಲು ನೆರವಾಗುವ ವೈಫೈ ಮಾನದಂಡ) ಸೌಲಭ್ಯವಿರುವ ಪಾಯಿಂಟ್‌ಗಳನ್ನೇ ಎರಡೂ ಕಡೆ ಕೊಳ್ಳಬೇಕೇ?