ಅಪ್‌ಡೇಟ್: ಖಾಲಿ ತೋಟಾ ತೊಳೆದಾಯ್ತು
ಇಲ್ಲಿ ಟೆಕ್ಸಾಸ್‌ನಲ್ಲಿ ಹಾರಿಸಿದ 9 ಎಂಎಂ ಹಿತ್ತಾಳೆ ಕೇಸ್‌ಗಳನ್ನು (ಗುಂಡು ಹಾರಿದ ಮೇಲೆ ಉಳಿಯುವ ತೋಟಾ ಕವಚ) ಮತ್ತೆ ಮದ್ದು, ಗುಂಡು ತುಂಬುವ ಮುಂಚೆ ಒಣ ಪುಡಿಯಲ್ಲಿ ಉಜ್ಜಬೇಕಾ, ನೀರಲ್ಲಿ ತೊಳೆಯಬೇಕಾ ಅಂತ ಕೇಳಿದ್ದೆ. ಎರಡೂ ಮಾಡಿ ನೋಡಿದೆ.

ಜೋಳದ ದಿಂಡಿನ ಪುಡಿಯಲ್ಲಿ ಮೂರು ಗಂಟೆ ಅಲುಗಾಡಿಸಿದೆ. ಹೊರಗೆ ಹೊಳಪು ಬಂತು, ಒಳಗಿನ ಮಸಿ ಹಾಗೇ ಇತ್ತು. ಆ ಧೂಳಲ್ಲಿ ಸೀಸ ಬೇರೆ, ಮನೆಯೊಳಗೆ ಬೇಡವೇ ಬೇಡ. ಸ್ಟೀಲ್ ಪಿನ್ನು, ನೀರು, ಪಾತ್ರೆ ಸೋಪು, ಚಿಟಿಕೆ ಸಿಟ್ರಿಕ್ ಆಸಿಡ್ ಹಾಕಿ ಉರುಳಿಸಿದ್ದು ಪ್ರೈಮರ್ ಗುಂಡಿಯವರೆಗೂ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ ಕೂರುವ, ತಳದ ಕುಳಿ) ಫಳಫಳ. ಅಜ್ಜಿಯ ಹುಣಸೆಹಣ್ಣಿನ ಲೆಕ್ಕವೇ, ಅಲ್ವಾ! ಆದರೆ ಒಣಗಿಸುವುದೇ ತಲೆನೋವು, ಒಂದು ರಾತ್ರಿ ಸಾಲಲಿಲ್ಲ.

ಅಮೋನಿಯಾ ಇರುವ ಪಾಲಿಶ್ ಬೇಡ ಅಂದವರಿಗೆ ಥ್ಯಾಂಕ್ಸ್. ಬ್ರಿಟಿಷರ ಕಾಲದಲ್ಲಿ ನಮ್ಮ ಭಾರತದ ಮಳೆಗಾಲದಲ್ಲೇ ಕುದುರೆ ಲಾಯದ ಅಮೋನಿಯಾ ತಾಗಿ ತೋಟಾಗಳು ಬಿರುಕು ಬಿಡುತ್ತಿದ್ದವಂತೆ. ಕಾರಣ ವಿವರಿಸಿದ್ದು 1921ರಲ್ಲಿ.