ಒನಕೆ ನೋಡದವರಿಗೆ ಒನಕೆಯ ಒಗಟು ಹೇಳೋದು ಹೇಗೆ?

ಒಗಟುಬುಟ್ಟಿ:
ಅರ್ಧ ಗಂಟೆಯ ಕಾರ್ಯಕ್ರಮ. ಹಳೇ ಒಗಟು, ನಗಿಸುವ ಗಾದೆ, ಒಂದೆರಡು ನಗೆಹನಿ. ಕೇಳುವವರಲ್ಲಿ 8 ವರ್ಷದವರೂ ಇದ್ದಾರೆ, 80 ದಾಟಿದವರೂ ಇದ್ದಾರೆ. ಪಟ್ಟಿಯಲ್ಲಿ ಸದ್ಯಕ್ಕೆ 40 ಒಗಟುಗಳಿವೆ. ಎಷ್ಟು ಉಳಿಸಿಕೊಳ್ಳಬೇಕು? ಇನ್ನೊಂದು ತೊಡಕು: "ಕಪ್ಪು ಸೀರೆ ಉಟ್ಟು, ಕಾಲುಂಗುರ ತೊಟ್ಟು, ಮೇಲೆ ಹೋಗ್ತಾಳೆ, ಕೆಳಗೆ ಬರ್ತಾಳೆ." ಉತ್ತರ ಒನಕೆ. ಒನಕೆಯನ್ನೇ ನೋಡದ ಮಕ್ಕಳಿಗೆ ಇದನ್ನು ಸ್ವಲ್ಪ ಸುಲಭ ಮಾಡಿ ಹೇಳಬಹುದಾ?

ಜಗಲಿಕಟ್ಟೆ:
ಸುಲಭ ಮಾಡೋಕೆ ಹೋಗಬೇಡಿ, ಒಗಟೇ ಸತ್ತುಹೋಗುತ್ತೆ. ಇದರಲ್ಲಿ ಮೋಸ ಅಡಗಿರೋದು ಕ್ರಿಯಾಪದದಲ್ಲಿ. "ಹೋಗ್ತಾಳೆ" ಅಂದಾಗ ಕೇಳುವವರು ಹೆಂಗಸನ್ನು ಹುಡುಕ್ತಾರೆ. ಅದನ್ನೇ "ಹೋಗುತ್ತೆ" ಅಂದುಬಿಟ್ಟರೆ ಇದು ವಸ್ತು ಅಂತ ತಕ್ಷಣ ಗೊತ್ತಾಗುತ್ತೆ, ಅರ್ಧ ಕೆಲಸ ಮುಗೀತು. ಹಾಗೇ ಉಟ್ಟು–ತೊಟ್ಟು ಪ್ರಾಸ. ಅಲ್ಲಿ "ಧರಿಸಿ" ಅಂತ ತಿದ್ದಿದರೆ ಒಗಟು ಹೋಗಿ ವಾರ್ತೆ ಓದಿದ ಹಾಗಾಗುತ್ತೆ.

ಮಾತು ಬಿಡಿ, ವಸ್ತುವನ್ನು ಮೊದಲೇ ತೋರಿಸಿ. ಶುರುವಿನಲ್ಲೇ ಒನಕೆ, ಒರಳು, ಬೀಸುಕಲ್ಲು, ಈಳಿಗೆ, ಮೊರ ಈ ಐದರ ಚಿತ್ರವನ್ನು ಹೆಸರಿನ ಸಮೇತ ಒಟ್ಟಿಗೆ ತೋರಿಸಿ. ಒನಕೆ ಒಂದನ್ನೇ ತೋರಿಸಿದರೆ ಗುಟ್ಟು ಬಿಟ್ಟುಕೊಟ್ಟಂತೆ. ಚಿತ್ರದಲ್ಲಿ ಒನಕೆಯ ತುದಿಯ ಕಬ್ಬಿಣದ ಬಳೆ ಸ್ಪಷ್ಟವಾಗಿ ಕಾಣಲೇಬೇಕು. ಕಾಲುಂಗುರ ಅಂದರೆ ಅದೇ. ಅದು ಕಾಣದಿದ್ದರೆ ಉತ್ತರ ಗೊತ್ತಾದ ಮೇಲೂ "ಓಹೋ" ಅನ್ನೋದಿಲ್ಲ. ಚಿತ್ರ ತೋರಿಸಿ ನಾಲ್ಕು ಒಗಟು ಆದ ಮೇಲೆ ಒನಕೆಗೆ ಬನ್ನಿ.

ಲೆಕ್ಕಕ್ಕೆ ಬಂದರೆ 10 ಸಾಕು. ಒಂದೊಂದನ್ನೂ ಎರಡು ಸಲ ನಿಧಾನವಾಗಿ ಹೇಳಿ, 20–30 ಸೆಕೆಂಡು ಸುಮ್ಮನಿದ್ದು, ಬರುವ ತಪ್ಪು ಉತ್ತರಗಳನ್ನು ಕೇಳಿಸಿಕೊಳ್ಳುವಷ್ಟರಲ್ಲಿ 2 ನಿಮಿಷ ಆಗೇ ಆಗುತ್ತೆ. ಆ 30 ಸೆಕೆಂಡು ಸುಮ್ಮನಿರೋದೇ ಕಷ್ಟದ ಕೆಲಸ. ತಡೆಯಲಾರದೆ ಉತ್ತರ ಹೇಳಿಬಿಡೋರೇ ಜಾಸ್ತಿ. "ಸುತ್ತಮುತ್ತ ಸುಣ್ಣದ ಗೋಡೆ, ಎತ್ತ ನೋಡಿದರೂ ಬಾಗಿಲೇ ಇಲ್ಲ" (ಮೊಟ್ಟೆ) ಮೊದಲು ಬರಲಿ, ಎಲ್ಲರಿಗೂ ಧೈರ್ಯ ಬರುತ್ತೆ. "ಅಪ್ಪನ ದುಡ್ಡು ಎಣಿಸೋಕಾಗಲ್ಲ, ಅಮ್ಮನ ಸೀರೆ ಮಡಚೋಕಾಗಲ್ಲ" ಅನ್ನೋದಕ್ಕೆ ನಕ್ಷತ್ರ, ಆಕಾಶ ಎರಡೂ ಬೇಕು. ಒಂದನ್ನೇ ಹೇಳಿದವರಿಗೆ ಅರ್ಧ ಅಂಕ ಕೊಡಿ, ಜಗಳ ಚೆನ್ನಾಗಿ ನಡೆಯುತ್ತೆ.

ಅಂತೆಕಂತೆ:
ಗಾದೆ 3–4 ಮೀರದಿರಲಿ. ಆರಿಸುವಾಗ ಕೊನೆಯಲ್ಲಿ "ಅಂತೆ" ಇರುವಂಥವನ್ನೇ ಹುಡುಕಿ. "ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದನಂತೆ." "ಮಳ್ಳಿ ಮಳ್ಳಿ ಮಂಚಕ್ಕೆಷ್ಟು ಕಾಲು ಅಂದರೆ ಮೂರು ಮತ್ತೊಂದು ಅಂದಳಂತೆ." ನಾನು ನೋಡಿಲ್ಲಪ್ಪ, ಯಾರೋ ಹೇಳಿದ್ದು ಅನ್ನೋ ಆ ಜಾರಿಕೆಯಲ್ಲೇ ಅರ್ಧ ನಗು ಇದೆ. "ಅಂದಳು" ಅಂತ ನೆಟ್ಟಗೆ ಹೇಳಿ ನೋಡಿ, ಪೊಲೀಸರಿಗೆ ಹೇಳಿಕೆ ಕೊಟ್ಟ ಹಾಗಿರುತ್ತೆ. ಮತ್ತೆ ಗಾದೆಗಳನ್ನು ಸಾಲಾಗಿ ಓದಬೇಡಿ. ಯಾರಾದರೂ ಪೂರ್ತಿ ಕೇಳಿಸಿಕೊಳ್ಳದೆ ತಪ್ಪು ಉತ್ತರ ಕೂಗಿದಾಗ ಎತ್ತಿನ ಗಾದೆ ಹಾಕಿ. ಬೇರೆಡೆ ಅದಕ್ಕೆ ಅಷ್ಟು ಬೆಲೆ ಇಲ್ಲ.

ಮುಕ್ಕಾಲು:
ನಗೆಹನಿ ಎರಡೇ ಸಾಕು, ಅದೂ ತುಂಬಾ ಚಿಕ್ಕದು. ಮೇಷ್ಟ್ರು: "ಒಂದರಲ್ಲಿ ಕಾಲು ತೆಗೆದರೆ ಏನಾಗುತ್ತೋ?" ಹುಡುಗ: "ಸಾರ್, ಕುಂಟುತ್ತೆ." ಇಲ್ಲಿ ಕೆಡಿಸೋಕೆ ಎರಡು ಜಾಗ. "ಕಾಲು ಭಾಗ" ಅಂದರೆ ಶ್ಲೇಷೆ ಹಾರಿಹೋಯ್ತು. "ಕುಂಟುತ್ತೆ ಸಾರ್" ಅಂದರೆ ನಗುವಿನ ಮೇಲೆ "ಸಾರ್" ಚೆಲ್ಲಿಕೊಳ್ಳುತ್ತೆ. ನಗಿಸುವ ಪದ ಕಟ್ಟಕಡೆಗೆ ಬರಬೇಕು, ಆಮೇಲೆ ಬಾಯಿ ಮುಚ್ಚಬೇಕು.

ಒಗಟುಬುಟ್ಟಿ:
ಧನ್ಯವಾದ. 40ರಿಂದ 10ಕ್ಕೆ ಇಳಿಸ್ತಿದ್ದೇನೆ. ಮಕ್ಕಳಿಗೆಂದು ಹೊಸದೊಂದು ಕಟ್ಟಿದ್ದು: "ಗೋಡೆಗೆ ಬಾಯಿ ಹಚ್ಚಿ ಕುಡೀತಾಳೆ, ಕುಡಿದಿದ್ದೆಲ್ಲ ತಂಗಿಗೆ ಕೊಡ್ತಾಳೆ." ಉತ್ತರ ಚಾರ್ಜರ್. ನಡೆಯುತ್ತಾ?

ಜಗಲಿಕಟ್ಟೆ:
ಚೆನ್ನಾಗಿದೆ, ಆದರೆ ನಲ್ಲಿಗೆ ಹಾಕಿದ ಪೈಪು ಅಂತ ಯಾರಾದರೂ ಕೂಗಿದರೆ ತಪ್ಪು ಅನ್ನೋಕಾಗಲ್ಲ. ಎರಡು ಉತ್ತರ ಹೊಂದುತ್ತಿದ್ದರೆ ಒಂದನ್ನು ಹೊರಗಿಡುವ ಸಾಲು ಬೇಕು: "ಗೋಡೆಗೆ ಬಾಯಿ ಹಚ್ಚಿ ಕುಡೀತಾಳೆ, ಕುಡಿದಿದ್ದೆಲ್ಲ ತಂಗಿಗೆ ಕೊಡ್ತಾಳೆ, ಹಿಂಡಿದರೆ ತೊಟ್ಟು ನೀರಿಲ್ಲ." ಈಗ ಪೈಪು ಹೋಯ್ತು, ಕೊಡ್ತಾಳೆ ಅನ್ನೋ ಹೆಂಗಸು ಉಳಿದಳು.