ಹೊಸ ಲ್ಯಾಪ್‌ಟಾಪ್, ಹಳೇ ಡ್ರೈವ್: ಮಾಡಿ ನೋಡಿದವರು ಹೇಳಿ

ಬೈತಖೋಲ್, ಕಾರವಾರದಿಂದ: ನಮ್ಮ ಐಸ್ ಫ್ಯಾಕ್ಟರಿಯ ಕಂಡೆನ್ಸರ್ ನೀರಿನ ಪಂಪಿಗೆ ಮೈಕ್ರೋಮಾಸ್ಟರ್ 440 ಡ್ರೈವ್ (ಮೋಟಾರಿನ ವೇಗ ಹಿಡಿತದಲ್ಲಿಡುವ ಪೆಟ್ಟಿಗೆ) ಇದೆ. ಪಂಪ್ ನಿಲ್ಲಿಸಿದಾಗಲೆಲ್ಲ ವಾಲ್ವ್ ಧಡ್ ಅಂತ ಬಡಿದು ಪೈಪಿಗೆ ಪೈಪೇ ಅಲುಗಾಡ್ತದೆ. ನಿಧಾನ ನಿಲ್ಲುವ ಹಾಗೆ ಮಾಡಬೇಕು, ಇದ್ದ ಸೆಟ್ಟಿಂಗ್ ಎಲ್ಲ ಒಮ್ಮೆ ಬ್ಯಾಕಪ್ ತಗೊಳ್ಳಬೇಕು. ಎಕ್ಸ್‌ಪಿ ಇದ್ದ ಲ್ಯಾಪ್‌ಟಾಪ್ ಉಪ್ಪುಗಾಳಿಗೆ ತುಕ್ಕು ಹಿಡಿದು ಸತ್ತಿತು. ಹೊಸದರಲ್ಲಿ ವಿಂಡೋಸ್ 11. ಯುಎಸ್‌ಬಿ ಕೇಬಲ್ ಚುಚ್ಚಿದರೆ ಹಳದಿ ತ್ರಿಕೋನ ಬರ್ತದೆ, ಮುಂದೆ ಏನೂ ಇಲ್ಲ. ಡ್ರೈವಿಗೆ ಕೀಪ್ಯಾಡ್ ಕೂಡ ಇಲ್ಲ, ಎರಡು ಲೈಟಿನ ಮುಚ್ಚಳ ಅಷ್ಟೇ. ಆಗಸ್ಟ್ 1ಕ್ಕೆ ಮೀನಿನ ಬೋಟು ಕಡಲಿಗೆ ಇಳಿದರೆ ಮತ್ತೆ ಪಂಪ್ ಮುಟ್ಟಲಿಕ್ಕೆ ಆಗೋದಿಲ್ಲ.

ಹೊನ್ನಾವರದಿಂದ: ಅಣ್ಣ, ಸಾಫ್ಟ್‌ವೇರ್ ಆಮೇಲೆ. ಮೊದಲು ಕೇಬಲ್ ನೋಡಿ. ನಾನು ಇದೇ ತ್ರಿಕೋನದ ಹಿಂದೆ ಎರಡು ದಿನ ಸುತ್ತಿದ್ದೇನೆ. ಡ್ರೈವೇ ಸುಟ್ಟಿದೆ ಅಂತ ಸಾಹುಕಾರರಿಗೂ ಹೇಳಿ ಆಗಿತ್ತು. ಕೊನೆಗೆ ನೋಡಿದರೆ ಕೇಬಲಿನ ಒಳಗಿನ ಚಿಪ್ ಹಳೇದು. ಪಿಎಲ್ 2303 ಚಿಪ್ಪಿನ ಹಳೇ ತಳಿಗಳನ್ನು ಹೊಸ ಡ್ರೈವರ್ (ಕೇಬಲ್ ನಡೆಸುವ ಸಾಫ್ಟ್‌ವೇರ್) ಗುರುತು ಹಿಡಿದು ಬೇಡ ಅನ್ನುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಲನ್ನು ಪೂರ್ತಿ ಓದಿ, ಈ ಚಿಪ್ 2012ರಿಂದ ನಿಂತುಹೋಗಿದೆ ಅಂತ ಅಲ್ಲೇ ಬರೆದಿರುತ್ತದೆ. ನಾವ್ಯಾರೂ ಓದೋದಿಲ್ಲ ಅಷ್ಟೇ! ಎಫ್‌ಟಿಡಿಐ ಕಂಪನಿಯ ಚಿಪ್ ಇರುವ, ಯುಎಸ್‌ಬಿಯನ್ನು ಡ್ರೈವಿನ ಎರಡು ವೈರಿನ ಲೈನಿಗೆ ಹೊಂದಿಸುವ ಆರ್‌ಎಸ್-485 ಕನ್ವರ್ಟರ್ ತಗೊಳ್ಳಿ. 440ರಲ್ಲಿ 29 ಮತ್ತು 30ನೇ ಟರ್ಮಿನಲ್‌ಗೆ ಎರಡು ವೈರ್. ಮಾತು ಹೊರಡದಿದ್ದರೆ ಎರಡನ್ನೂ ಅದಲು ಬದಲು ಮಾಡಿ ನೋಡಿ, ಕನ್ವರ್ಟರಿನವರು ಎ-ಬಿ ಬರೆಯೋದು ಒಬ್ಬೊಬ್ಬರದು ಒಂದೊಂದು ರೀತಿ.

ಇನ್ನೊಂದು, ಪೋರ್ಟ್ ನಂಬರ್. ವಿಂಡೋಸ್ ಕನ್ವರ್ಟರಿಗೆ ಸುಮ್ಮನೆ ಕಾಮ್ 11, ಕಾಮ್ 14 ಅಂತ ಕೊಟ್ಟುಬಿಡುತ್ತದೆ. ಹಳೇ ಸಾಫ್ಟ್‌ವೇರ್‌ಗಳಲ್ಲಿ ಕೆಲವು ಮೊದಲ ನಾಲ್ಕೇ ಪೋರ್ಟ್ ಹುಡುಕೋದು. ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್ ಒಳಗೆ ಹೋಗಿ 2 ಅಥವಾ 3 ಮಾಡಿ. ಆ ನಂಬರ್ ಈಗಾಗಲೇ ಬಳಕೆಯಲ್ಲಿದೆ ಅಂತ ಹೆದರಿಸಿದರೂ, ಬೇರೆ ಏನೂ ಚುಚ್ಚಿಲ್ಲ ಅಂತಾದರೆ ಹೌದು ಅನ್ನಿ. ಅಲ್ಲಿಂದ ಮೇಲೆ ಪ್ರತಿ ಸಲ ಅದೇ ತೂತಿಗೇ ಚುಚ್ಚಿ. ನಾನು ಅದರ ಪಕ್ಕ ಕೆಂಪು ಟೇಪ್ ಹಚ್ಚಿದ್ದೇನೆ.

ಶಿರಸಿಯಿಂದ: ಬನವಾಸಿ ಕಡೆ ಅಕ್ಕಿ ಗಿರಣಿಗಳ ಡ್ರೈವ್ ನೋಡಿಕೊಳ್ಳುವವ ನಾನು. ವಿಂಡೋಸ್ 11ರಲ್ಲಿ 32 ಬಿಟ್ಟಿನ ಆವೃತ್ತಿಯೇ ಇಲ್ಲ, ಆ ಕಾಲದ 16 ಬಿಟ್ ಇನ್‌ಸ್ಟಾಲರ್ ಆದರೆ ತೆರೆಯುವುದೂ ಇಲ್ಲ. ಕಂಪ್ಯಾಟಿಬಿಲಿಟಿ ಮೋಡ್ ಅಂತ ಒದ್ದಾಡಿ ಹೊತ್ತು ಕಳೆಯಬೇಡಿ. ನಾನು ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್) ಹಾಕಿ ಅದರೊಳಗೆ 32 ಬಿಟ್ ವಿಂಡೋಸ್ 7 ಕೂರಿಸಿದೆ. ಯುಎಸ್‌ಬಿ ಮೆನುವಿನಲ್ಲಿ ಕನ್ವರ್ಟರಿಗೆ ಟಿಕ್ ಹಾಕಿದರೆ ಅದು ನೇರ ಒಳಗಿನ ವಿಂಡೋಸಿಗೆ ಹೋಗುತ್ತದೆ. ಒಳಗಿನದಕ್ಕೆ ಇಂಟರ್‌ನೆಟ್ ಕೊಡಬೇಡಿ, ಅದಕ್ಕೆ ಈಗ ಅಪ್‌ಡೇಟ್ ಬರುವುದಿಲ್ಲ. ಇದರ ದೊಡ್ಡ ಲಾಭ ಏನೆಂದರೆ ಇಡೀ ಸೆಟಪ್ ಒಂದು ಫೋಲ್ಡರ್. ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಇಟ್ಟರೆ ಮುಂದಿನ ಲ್ಯಾಪ್‌ಟಾಪ್ ಉಪ್ಪಿಗೆ ಹೋದರೂ ಚಿಂತೆಯಿಲ್ಲ.

ಡ್ರೈವ್ ಮಾತಾಡುವ ಭಾಷೆ ಯುಎಸ್‌ಎಸ್, ಅದಕ್ಕೆ ಪೋರ್ಟ್ ಸೆಟ್ಟಿಂಗ್‌ನಲ್ಲಿ ಪ್ಯಾರಿಟಿ ಈವನ್ ಇರಬೇಕು, 8 ಬಿಟ್, 1 ಸ್ಟಾಪ್. ಬಾಡ್ (ಮಾತಿನ ವೇಗ) ಡ್ರೈವಿನ ಪಿ 2010ರಲ್ಲಿ, ಅಡ್ರೆಸ್ ಪಿ 2011ರಲ್ಲಿ; ಪಿ ಅಂದರೆ ಪ್ಯಾರಾಮೀಟರ್, ಡ್ರೈವಿನ ಸೆಟ್ಟಿಂಗಿನ ನಂಬರ್.

ಅಂಕೋಲಾದಿಂದ: ಮಾರಾಯ್ರೇ, ಒಂದು ಪಂಪ್ ನಿಲ್ಲಿಸಲಿಕ್ಕೆ ಇಷ್ಟೆಲ್ಲ ಯಾಕೆ? ಬದಲಿಸಬೇಕಾದ್ದು ಪಿ 1121 ಒಂದೇ, ಅಂದರೆ ನಿಲ್ಲಲು ಎಷ್ಟು ಸೆಕೆಂಡ್ ಅನ್ನೋದು. ಆ ಲೈಟಿನ ಮುಚ್ಚಳ ಕಿತ್ತು ಬಿಒಪಿ ಕೀಪ್ಯಾಡ್ ಕೂರಿಸಿದರೆ ಎರಡು ನಿಮಿಷದ ಕೆಲಸ. ನನ್ನ ಹತ್ತಿರ ಒಂದಿದೆ, ಬಂದು ಒಯ್ಯಿರಿ.

ಕಂಪ್ಯೂಟರಿನಿಂದಲೇ ಮಾಡೋದಾದರೆ ನನಗಾದ ಪಜೀತಿ ಕೇಳಿ. ಸಂಜೆ ಎಲ್ಲ ಸರಿಮಾಡಿ, ಟೆಸ್ಟ್ ಮಾಡಿ, ಚಾ ಕುಡಿದು ಮನೆಗೆ ಬಂದೆ. ರಾತ್ರಿ ಮಳೆಗೆ ಕರೆಂಟ್ ಹೋಯ್ತು. ಬೆಳಿಗ್ಗೆ ನೋಡಿದರೆ ಎಲ್ಲ ಮೊದಲಿನ ಹಾಗೇ! ಪಿ 0014 ಸೊನ್ನೆಯಲ್ಲಿದ್ದರೆ ಸೀರಿಯಲ್‌ನಿಂದ ಬರೆದದ್ದು ರ‍್ಯಾಮ್‌ನಲ್ಲಷ್ಟೇ ಉಳಿಯುತ್ತದೆ. ಕೊನೆಗೆ ಪಿ 0971ಕ್ಕೆ 1 ಕೊಡಬೇಕು. ಅದು ಎಲ್ಲವನ್ನೂ ಕರೆಂಟ್ ಹೋದರೂ ಅಳಿಯದ ಇಇಪ್ರಾಮ್‌ಗೆ ಇಳಿಸಿ ತಾನೇ ಸೊನ್ನೆಗೆ ಬರುತ್ತದೆ. ಸೊನ್ನೆಗೆ ಬರುವ ತನಕ ಮೇನ್ ತೆಗೆಯಬೇಡಿ. ಟರ್ಮಿನಲ್‌ಗೆ ಕೈ ಹಾಕುವ ಮೊದಲು ಮಾತ್ರ ಮೇನ್ ತೆಗೆದು 5 ನಿಮಿಷ ಕಾಯಲೇಬೇಕು, ಕೆಪಾಸಿಟರ್ ಒಳಗೆ ಕರೆಂಟ್ ಕೂತಿರುತ್ತದೆ.

ಹೊನ್ನಾವರದಿಂದ ಮತ್ತೆ: ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ಓಡಿಸಿ. ಚಾರ್ಜರ್ ಹಾಕಿದಾಗ ನನಗೆ ಕನೆಕ್ಷನ್ ಕಡಿದು ಕಡಿದು ಹೋಗ್ತಿತ್ತು, ತೆಗೆದರೆ ಸರಿ.

ಬೈತಖೋಲ್‌ನಿಂದ: ಎಲ್ಲರಿಗೂ ಉಪಕಾರ ಆಯ್ತು. ಕೇಬಲ್ ಹಳೇ ಚಿಪ್ಪಿನದೇ, ಹೆಸರಿನಲ್ಲೇ 2012 ಅಂತ ಬರೆದಿತ್ತು. ಹೊಸ ಕನ್ವರ್ಟರ್, ವರ್ಚುವಲ್‌ಬಾಕ್ಸ್, ಕಾಮ್ 3. ಮೊದಲ ಸಲ ಮಾತಾಡಲಿಲ್ಲ, ವೈರ್ ಅದಲು ಬದಲು ಮಾಡಿದ ಮೇಲೆ ಪ್ಯಾರಾಮೀಟರ್ ಎಲ್ಲ ಸಾಲಾಗಿ ಬಂದವು. ಬ್ಯಾಕಪ್ ಆಯ್ತು. ಪಿ 1121ರಲ್ಲಿ 3 ಸೆಕೆಂಡ್ ಇತ್ತು, 20 ಮಾಡಿದೆ. 0971 ಕೊಟ್ಟು, ಬೇಕೆಂದೇ ಮೇನ್ ತೆಗೆದು ಹಾಕಿ ನೋಡಿದೆ, 20 ಹಾಗೇ ಇದೆ. ವಾಲ್ವ್ ಈಗ ಟಕ್ ಅನ್ನುತ್ತದೆ ಅಷ್ಟೇ. ಅಂಕೋಲಾದ ಅಣ್ಣ, ಕೀಪ್ಯಾಡಿಗೆ ಹೇಗೂ ಒಮ್ಮೆ ಬರ್ತೇನೆ, ಬ್ರೈನ್ (ಉಪ್ಪುನೀರಿನ) ಟ್ಯಾಂಕಿನ ಡ್ರೈವ್ ಇನ್ನೂ ಬಾಕಿ ಇದೆ.